ಸುಮ್ಮನೆ ಎಂಬ ಉತ್ತರ

ಅಲ್ ಗುಬ್ರಾ, ಮಸ್ಕತ್
11 ಆಗಸ್ಟ್ 2023

ಝಕರಿಯಣ್ಣನಿಗೆ ದಮಯಂತಿಯ ನಮಸ್ಕಾರ.

ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆದು ಶುರು ಮಾಡುವುದು ರೂಢಿ. ಅದನ್ನು ಬಿಟ್ಟೇ ಶುರು ಮಾಡುತ್ತೇನೆ. ನಮ್ಮ ಮನೆಯ ಯಾವ ಫೋನಿನಿಂದಲೂ ನಿಮಗೆ ಕರೆ ಹೋಗುವುದಿಲ್ಲ. ಅವರೇ ಬ್ಲಾಕ್ ಮಾಡಿದ್ದಾರೆ ಅಮ್ಮ ಎಂದು ಅಕ್ಷಿತಾ ಹೇಳಿದಳು. ಕಾರ್ಗೋ ಕಂಪೆನಿಯ ಆಲ್ಸ್ಟನ್ ಆಗಾಗ ನೀವಿರುವ ಖಸಬ್ಬಿಗೆ ಸಾಮಾನು ಒಯ್ಯುತ್ತಾರಂತೆ. ಅವರ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ದಯವಿಟ್ಟು ಹರಿಯುವ ಮೊದಲು ಓದಿ.

ರೂವಿಯ ಅಂಗಡಿಯಲ್ಲಿ ನೀವು ಅಳತೆ ತೆಗೆಯುವುದು, ಇವರು ಬಟ್ಟೆ ಕತ್ತರಿಸುವುದು, ಹೀಗೆ ಇಪ್ಪತ್ತು ವರ್ಷ ನಡೆಯಿತು. ಕಳೆದ ಮಾರ್ಚಿನಲ್ಲಿ ಒಂದು ಸಂಜೆ ಇವರು ಮನೆಗೆ ಬಂದು, “ಝಕರಿಯಾನನ್ನು ಕಳಿಸಿದೆ” ಎಂದರು. ಚಾ ಕುಡಿದೆ ಎಂದ ಹಾಗೆ ಹೇಳಿದರು. ಯಾಕೆ ಎಂದು ಕೇಳಿದರೆ “ಸುಮ್ಮನೆ” ಎಂದರು. ಆಮೇಲೆ ಎಷ್ಟು ಸಲ ಕೇಳಿದರೂ ಅದೇ.

ನಿಮ್ಮಿಬ್ಬರ ನಡುವೆ ಏನೋ ಆಗಿರಬೇಕು. ನನ್ನ ಕಿವಿಗೆ ಹಾಕುವಂಥದ್ದಲ್ಲದಿದ್ದರೂ ಹೇಳಿ. ಯಾಕೆಂದರೆ ಇಲ್ಲಿ ದಿನದಿನಕ್ಕೆ ಬಿಗಡಾಯಿಸುತ್ತಾ ಉಂಟು. ಮೊನ್ನೆ ನಡುಮಧ್ಯಾಹ್ನ ಅಂಗಡಿಯ ಬಾಗಿಲು ತೆರೆದೇ ಬಿಟ್ಟು, ಒಳಗೆ ಗಿರಾಕಿಯನ್ನು ಕೂರಿಸಿ, ಎದ್ದು ಎಲ್ಲಿಗೋ ನಡೆದುಕೊಂಡು ಹೋದರು. ಈ ಬಿಸಿಲಿನಲ್ಲಿ! ಒಬ್ಬ ಮದುಮಗನ ದಿಶ್‌ದಾಶ ನಿಲುವಂಗಿ ಹೊಲಿಯಲು ತಂದ ಬಟ್ಟೆಯನ್ನು ಅಡ್ಡಾದಿಡ್ಡಿ ಕತ್ತರಿಸಿದ್ದಾರೆ. ಮದುಮಗನ ಅಪ್ಪ ಮನೆತನಕ ಬಂದು ಕೂಗಾಡಿದ. ಇವರು ಆತನ ಎದುರೇ ಟಿವಿ ನೋಡುತ್ತಾ ಕೂತಿದ್ದರು.

ನಿಮ್ಮ ಮನಸ್ಸಿಗೆ ನೋವಾಗಿದೆ ಎಂದು ಗೊತ್ತು. ಆದರೂ ಕೇಳುತ್ತೇನೆ. ಆ ದಿನ ನೀವು ಇವರಿಗೆ ಏನಾದರೂ ಅಂದಿರಾ?

ಇಂತಿ,
ದಮಯಂತಿ


ಖಸಬ್
2 ಸೆಪ್ಟೆಂಬರ್ 2023

ದಮಯಂತಿಯಕ್ಕಾ,

ಉತ್ತರ ಬರೆಯಬಾರದು ಎಂದೇ ಇದ್ದೆ. ಮನೆಯಲ್ಲಿ ಆಯಿಶತ್ ಬಿಡಲಿಲ್ಲ. “ಅವರು ಎಂತ ಮಾಡಿದ್ದಾರೆ? ಗಂಡ ಮಾಡಿದ್ದಕ್ಕೆ ಹೆಂಡತಿಗೆ ಶಿಕ್ಷೆಯಾ?” ಎಂದು ದಿನಾ ಕೇಳಿದಳು.

ನಾನು ಏನು ಅಂದೆ ಎಂದು ಕೇಳಿದ್ದೀರಿ. “ಕೊಗ್ಗ, ಈ ಪ್ಯಾಂಟು ಒಂದಿಂಚು ಉದ್ದ ಬಿಡು, ಮಗು ಬೆಳೆಯುವ ಪ್ರಾಯ” ಎಂದೆ. ಅಷ್ಟೇ. ಯೂನಿಫಾರಮ್ಮಿನ ಸೀಸನ್ನು. ಅಂಗಡಿ ತುಂಬ ತಾಯಂದಿರು, ಮಕ್ಕಳು. ಅವನು ಕತ್ತರಿ ಕೆಳಗಿಟ್ಟು ಬಂದ. ನನ್ನ ಕುತ್ತಿಗೆಯಲ್ಲಿದ್ದ ಟೇಪನ್ನು ಎಳೆದು ರಸ್ತೆಗೆ ಎಸೆದ. “ನಾಳೆಯಿಂದ ನೀನು ಬರುವುದು ಬೇಡ” ಎಂದ.

ತಮಾಷೆ ಎಂದುಕೊಂಡು ನಕ್ಕೆ. ಅವನು ನಗಲಿಲ್ಲ.

“ಯಾಕೆ ಮಾರಾಯಾ?” ಎಂದೆ.

“ಸುಮ್ಮನೆ.”

“ನನ್ನಿಂದ ಎಂತಾದರೂ ತಪ್ಪಾಯಿತಾ?”

“ಇಲ್ಲ. ಸುಮ್ಮನೆ. ಹೋಗು.”

ಅಷ್ಟು ಹೇಳಿ ಹೋಗಿ ಮತ್ತೆ ಕತ್ತರಿ ಹಿಡಿದ. ದನಿಯೂ ಏರಲಿಲ್ಲ. ನಾನು ರಸ್ತೆಗೆ ಇಳಿದು ಟೇಪು ಹೆಕ್ಕಿಕೊಂಡೆ. ಮಕ್ಕಳೆಲ್ಲ ನೋಡುತ್ತಿದ್ದರು.

ಅಕ್ಕಾ, ಸಿಟ್ಟಿನಲ್ಲಿ ಯದ್ವಾತದ್ವಾ ಬೈದಿದ್ದರೆ ನಾನು ಮಾರನೇ ದಿನ ಬೆಳಿಗ್ಗೆ ಹೋಗಿ ಬಾಗಿಲು ತೆಗೆಯುತ್ತಿದ್ದೆ. ನನ್ನ ಮೇಲೆ ಕಳ್ಳತನ ಹೊರಿಸಿದ್ದರೆ ಕುರ್‌ಆನ್ ಮುಟ್ಟಿ ಆಣೆ ಹಾಕುತ್ತಿದ್ದೆ. ಸುಮ್ಮನೆ ಎಂದವನ ಹತ್ತಿರ ಯಾವ ವಾದ ಮಾಡುವುದು? ಐವತ್ತು ದಾಟಿದ ಮೇಲೆ ಹೆಂಡತಿಯ ಅಣ್ಣ ಫಯಾಝ್‌ನ ದರ್ಜಿ ಅಂಗಡಿಯಲ್ಲಿ ಕೆಲಸಕ್ಕೆ ನಿಂತಿದ್ದೇನೆ. ಕಾರಣ ಏನು ಎಂದು ಕೇಳಿದವರಿಗೆ ಇವತ್ತಿನತನಕ ಹೇಳಲು ನನ್ನ ಬಳಿ ಏನೂ ಇಲ್ಲ. ಏನೋ ಮಾಡಿಯೇ ಹೊರಬಿದ್ದಿದ್ದಾನೆ ಎಂದು ಅವರು ಅಂದುಕೊಳ್ಳುತ್ತಾರೆ. ನೀವೂ ಹಾಗೆಯೇ ಅಂದುಕೊಂಡಿರಿ, ಅಲ್ಲವಾ?

ಅಕ್ಷಿತಾಳಿಗೆ ನನ್ನ ದುಆ ಇದೆ. ಇನ್ನು ಮುಂದೆ ಬರೆಯುವುದು ಬೇಡ.

ಝಕರಿಯಾ


ಅಲ್ ಗುಬ್ರಾ
20 ಅಕ್ಟೋಬರ್ 2023

ಝಕರಿಯಣ್ಣಾ,

ಬೇಡ ಎಂದರೂ ಬರೆಯುತ್ತಿದ್ದೇನೆ. ಹೌದು, ನಾನೂ ಹಾಗೆ ಅಂದುಕೊಂಡಿದ್ದೆ.

ನಮ್ಮ ಮೇಲಿನ ಮಹಡಿಯಲ್ಲಿ ಭೋಜರಾಜ ಅವರಿದ್ದಾರೆ, ಬ್ಯಾಂಕಿನವರು. ಊರಲ್ಲಿ ಅವರ ತಾಯಿ ತೀರಿಕೊಂಡರು. ಟಿಕೆಟು ಸಿಗದೆ ಅವರು ಹೊರಡಲು ಕಾಯುತ್ತಿದ್ದಾಗ ನಾವೆಲ್ಲ ಮಾತಾಡಿಸಲು ಹೋದೆವು. ಅವರು ಅಳುತ್ತಾ ಕೂತಿದ್ದರೆ ಇವರು ಜೋರಾಗಿ ನಕ್ಕರು. ಟೀಪಾಯಿಯ ಮೇಲೆ ಯಾರೋ ತಂದಿಟ್ಟಿದ್ದ ಬಾಳೆಹಣ್ಣನ್ನು ಒಂದಾದ ಮೇಲೆ ಒಂದು ಸುಲಿದು ತಿಂದರು. ಭೋಜರಾಜ ಅವರ ಹೆಂಡತಿಗೆ “ನೀವು ದಪ್ಪ ಆಗಿದ್ದೀರಿ” ಎಂದರು. ನಾನು ಕೈ ಹಿಡಿದು ಎಳೆದುಕೊಂಡು ಬಂದೆ. ಮೆಟ್ಟಿಲ ಮೇಲೆ ನನಗೆ ಅಳು ಬಂತು. ಇವರು ನನ್ನನ್ನು ದಾಟಿಕೊಂಡು ಇಳಿದು ಹೋದರು.

ಒಬ್ಬೊಬ್ಬರದು ಒಂದೊಂದು ಮಾತು. ಭೋಜರಾಜ ಅವರು ಬೇಕಾಬಿಟ್ಟಿ ಮನುಷ್ಯ ಎಂದರಂತೆ. ಬಿಲ್ಡಿಂಗಿನ ಹೆಂಗಸರು ಲಂಗುಲಗಾಮು ಇಲ್ಲ, ಕುಡಿಯುತ್ತಾನೆ ಎನ್ನುತ್ತಾರೆ. ಕೆಳಗಿನ ವಾಚ್‌ಮನ್ ಮಜ್ನೂನ್ ಎಂದು ತಲೆ ಮುಟ್ಟಿ ತೋರಿಸುತ್ತಾನೆ. ನನ್ನ ತಮ್ಮ ಊರಿನಿಂದ ಗ್ರಹಚಾರ ಎಂದ. ಅಕ್ಷಿತಾ ಮೊದಲು ನಗುತ್ತಿದ್ದಳು. “ಪಪ್ಪ ಈಸ್ ಸೋ ರ್‍ಯಾಂಡಮ್” ಎನ್ನುತ್ತಿದ್ದಳು. ಒಂದು ದಿನ ಅವಳನ್ನು ಶಾಲೆಯಿಂದ ತರುವಾಗ ಇವರು ಹೈವೇಯಲ್ಲಿ ಕಾರು ನಿಲ್ಲಿಸಿ, ಅವಳನ್ನು ಇಳಿಸಿ, ಒಬ್ಬರೇ ಮನೆಗೆ ಬಂದರು. ಆಮೇಲೆ ಅವಳು ನಗುವುದನ್ನು ಬಿಟ್ಟಳು. ನಾನು ಮಾತ್ರ ಸೊಕ್ಕು ಎಂದೇ ಹೇಳುತ್ತಿದ್ದೆ. ಬೇಕೆಂದೇ ಮಾಡುತ್ತಾರೆ ಎಂದು ನಂಬಿದ್ದೆ. ಬೇಕೆಂದು ಮಾಡುವುದಾದರೆ ಬಿಡಲೂ ಬಹುದಲ್ಲ ಎಂಬ ಆಸೆ.

ಕಾರಿನ ಕೀ ಅಡಗಿಸಿಟ್ಟಿದ್ದೇನೆ. ನನ್ನ ಫೋನನ್ನು ಇವರು ನೀರಿನ ಬಕೆಟಿಗೆ ಹಾಕಿದರು. ಹೊಸದು ತಂದರೆ ಅದನ್ನೂ ಕಸಿದುಕೊಂಡು ಯಾರುಯಾರಿಗೋ ಕರೆ ಮಾಡುತ್ತಾರೆ. ಅದಕ್ಕೇ ಈಗಲೂ ಕಾಗದ.

ಮೊನ್ನೆ ಮನಸ್ಸು ಗಟ್ಟಿಮಾಡಿ ನರರೋಗದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಕೇರಳದವರು, ತಾಳ್ಮೆಯವರು. “ಇದೆಲ್ಲ ಯಾವಾಗ ಶುರುವಾಯಿತು?” ಎಂದು ಕೇಳಿದರು. ಮಾರ್ಚಿನಲ್ಲಿ ಎಂದೆ. “ಇಷ್ಟೆಲ್ಲ ಆರೇಳು ತಿಂಗಳಿನಲ್ಲಿ ಆಗುವುದಿಲ್ಲ. ಹಗಲೆಲ್ಲ ಇವರ ಜೊತೆ ಇದ್ದವರು ಯಾರು?” ಎಂದರು.

ನಾನು ನಿಮ್ಮ ಹೆಸರು ಹೇಳಿದೆ.

ಝಕರಿಯಣ್ಣಾ, ಬೆಳಿಗ್ಗೆ ಹೋಗಿ ರಾತ್ರಿ ಬರುವ ಗಂಡನನ್ನು ನಾನು ಊಟದ ಹೊತ್ತಿಗೆ ಮಾತ್ರ ನೋಡಿದವಳು. ನೀವು ನೋಡಿದ್ದನ್ನು ನನಗೆ ಬರೆದು ಕಳಿಸಿ. ಇವರನ್ನು ಕ್ಷಮಿಸಿ ಎಂದು ಕೇಳುವುದಿಲ್ಲ.

ನಿಮ್ಮ
ದಮಯಂತಿ


ಖಸಬ್
5 ನವೆಂಬರ್ 2023

ಅಕ್ಕಾ,

ಡಾಕ್ಟರಿಗೆ ಇದನ್ನು ಓದಿ ಹೇಳಿ.

ಕೊರೊನಾ ಮುಗಿದು ಅಂಗಡಿ ಪುನಃ ತೆರೆದ ಮೇಲೆ ಅವನು ಒಂದು ಶರಟಿಗೆ ಎರಡೂ ಎಡತೋಳು ಕತ್ತರಿಸಿದ. ತೋರಿಸಿದೆ. ನಕ್ಕ. ನಾನೂ ನಕ್ಕೆ. ಕಣ್ಣಿಗೆ ವಯಸ್ಸಾಯಿತು ಎಂದು ಕನ್ನಡಕ ಬದಲಿಸಲು ಕರೆದುಕೊಂಡು ಹೋದೆ. ಕಣ್ಣು ಸರಿ ಇತ್ತು. ಆಮೇಲೆ ಕೆಲವೊಮ್ಮೆ ಸರಿಯಾಗಿ ಕತ್ತರಿಸುತ್ತಿದ್ದ, ಕೆಲವೊಮ್ಮೆ ಬಾಯಿಗೆ ಬಂದ ಹಾಡು ಹಾಡಿದ ಹಾಗೆ ಕತ್ತರಿಸುತ್ತಿದ್ದ. ಯಾವಾಗ ಯಾವುದು ಎಂದು ಹೇಳುವ ಹಾಗಿರಲಿಲ್ಲ. ಕೆಟ್ಟದ್ದನ್ನೆಲ್ಲ ನಾನು ಗಿರಾಕಿಯ ಕಣ್ಣಿಗೆ ಬೀಳದ ಹಾಗೆ ಬೇರೆ ಬಟ್ಟೆ ತಂದು ಪಕ್ಕದ ಅಂಗಡಿಯಲ್ಲಿ ಕತ್ತರಿಸಿಕೊಂಡು ಬರುತ್ತಿದ್ದೆ. ನಿಮಗೆ ಹೇಳಲಿಲ್ಲ. ಅವನ ಮರ್ಯಾದೆ ನನ್ನ ಮರ್ಯಾದೆ ಎಂದೇ ಇದ್ದದ್ದು.

ಗಿರಾಕಿಗಳಿಗೆ ಇಟ್ಟ ಖರ್ಜೂರವನ್ನು ತಾನೇ ತಿಂದು ಮುಗಿಸುತ್ತಿದ್ದ. ಬೆಳಿಗ್ಗೆ ಒಂದು ದರ ಹೇಳಿದರೆ ಸಂಜೆ ಇನ್ನೊಂದು. ಒಬ್ಬನಿಗೆ ದುಡ್ಡೇ ಬೇಡ ಎಂದ. ಅವನ ಹಿಂದೆಯೇ ಬಂದ ಮುದುಕನನ್ನು ಚೌಕಾಸಿ ಮಾಡಿದನೆಂದು ಹೊರಗೆ ಹಾಕಿದ.

ಇನ್ನೊಂದನ್ನು ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ನನ್ನ ಉಮ್ಮ ತೀರಿಕೊಂಡ ಸುದ್ದಿ ಬಂದಾಗ ನಾನು ಅಂಗಡಿಯಲ್ಲೇ ಇದ್ದೆ. ಕುರ್ಚಿಯಲ್ಲಿ ಕುಸಿದು ಕೂತೆ. ಉಮ್ಮ ಅವನಿಗೂ ಅನ್ನ ಹಾಕಿದವರು. ಶಾಲೆಯಲ್ಲಿ ಓದುವಾಗ ಅವನು ನಮ್ಮ ಮನೆಯಲ್ಲಿ ಎಷ್ಟು ದಿನ ಮಲಗಿದ್ದಾನೆ ಎಂದು ಲೆಕ್ಕ ಇಲ್ಲ. ಅವನು ನನ್ನನ್ನು ನೋಡಿ ಕೇಳಿದ: “ಹಾಗಾದರೆ ಇವತ್ತು ಆಯಿಶತ್ ಬಿರಿಯಾನಿ ಮಾಡುವುದಿಲ್ಲವಾ?”

ಅವತ್ತೇ ನನ್ನೊಳಗೆ ಏನೋ ಮುರಿಯಿತು. ರಸ್ತೆಗೆ ಟೇಪು ಎಸೆದದ್ದು ಒಂದು ವರ್ಷ ಕಳೆದ ಮೇಲೆ. ಅಂಗಡಿಯ ಬೋರ್ಡಿನಲ್ಲಿ ನನ್ನ ಹೆಸರೂ ಬಂದ ಮೇಲೆ ಅವನ ಹೃದಯ ಕಲ್ಲಾಯಿತು ಎಂದುಕೊಂಡೆ. ಮನುಷ್ಯ ಕಲ್ಲಾಗುವುದು ನನಗೆ ಅರ್ಥವಾಗುತ್ತದೆ. ನೀವು ಡಾಕ್ಟರು ಎಂದು ಬರೆದಾಗಿನಿಂದ ನಿದ್ದೆ ಇಲ್ಲ. ಇದು ಕಾಯಿಲೆ ಎಂದಾದರೆ ಇಷ್ಟು ದಿನ ನಾನು ಯಾರ ಮೇಲೆ ಸಿಟ್ಟು ಇಟ್ಟುಕೊಂಡಿದ್ದೆ?

ನಿಮ್ಮ ನಂಬರಿನ ಬ್ಲಾಕ್ ತೆಗೆದಿದ್ದೇನೆ. ಏನು ಹೇಳಿದರೆಂದು ತಿಳಿಸಿ.

ಝಕರಿಯಾ


ಅಲ್ ಗುಬ್ರಾ
18 ಡಿಸೆಂಬರ್ 2023

ಝಕರಿಯಣ್ಣಾ,

ಫೋನಿನಲ್ಲಿ ನಾನು “ಕಾಯಿಲೆಯೇ ಹೌದಂತೆ” ಎಂದು ಇಟ್ಟುಬಿಟ್ಟೆ. ಪಕ್ಕದಲ್ಲಿ ಇವರಿದ್ದರು.

ನೀವು ಬರೆದದ್ದನ್ನು ಡಾಕ್ಟರಿಗೆ ಹೇಳಿದೆ. ಎರಡು ಎಡತೋಳಿನ ಮಾತು ಬಂದಾಗ ಅವರು ಬರೆಯುವುದನ್ನು ನಿಲ್ಲಿಸಿದರು. ಆಮೇಲೆ ಸ್ಕ್ಯಾನಿನ ಚಿತ್ರ ತೋರಿಸಿದರು. ಹಣೆಯ ಹಿಂದಿನ ಮೆದುಳು ಒಣಗುತ್ತಾ ಬಂದಿದೆಯಂತೆ. ಒಂದು ಮಾತು ಆಡುವ ಮೊದಲು ಬೇಡ ಎಂದು ತಡೆಯುವುದು, ಎದುರಿನವರ ನೋವು ನಮಗೆ ತಾಗುವುದು, ನಿನ್ನೆ ಮಾಡಿದ್ದಕ್ಕೂ ಇವತ್ತು ಮಾಡುವುದಕ್ಕೂ ಗಂಟು ಹಾಕುವುದು, ಎಲ್ಲವೂ ಅಲ್ಲಿಯ ಕೆಲಸವಂತೆ. ನೆನಪು ಇನ್ನೂ ಇದೆ. ನನ್ನನ್ನು ಗುರುತಿಸುತ್ತಾರೆ. ಪ್ರೀತಿ ಇಲ್ಲ, ಅಷ್ಟೇ.

ಡಾಕ್ಟರು ಹೀಗೆ ಹೇಳಲಿಲ್ಲ, ನಾನು ಹೇಳುತ್ತಿದ್ದೇನೆ.

“ಮದ್ದು?” ಎಂದೆ. “ನೀವು ಇವರನ್ನು ಕೇಳುವುದನ್ನು ನಿಲ್ಲಿಸಿ. ಅದೊಂದೇ ನಿಮಗೆ ಸುಲಭ ಆಗುವುದು” ಎಂದರು. ಇಷ್ಟು ದಿನ ಮನೆಯಲ್ಲಿ ನಾನು ಮಾಡಿದ್ದೆಲ್ಲ ಅದೇ. ಯಾಕೆ ಹೀಗೆ ಮಾಡಿದಿರಿ, ಯಾಕೆ ಹಾಗೆ ಅಂದಿರಿ. ಇಲ್ಲದ ಉತ್ತರವನ್ನು ಮುಚ್ಚಿಡುತ್ತಿದ್ದಾರೆ ಎಂದು ಒಂದು ರಾತ್ರಿ ಕೈಯನ್ನೂ ಎತ್ತಿದ್ದೇನೆ.

ಅಂಗಡಿ ಮುಚ್ಚಿದೆವು. ನಮ್ಮ ವೀಸಾಕ್ಕೆ ಜವಾಬು ನಿಂತ ಕಫೀಲ್ ಒಳ್ಳೆಯವರು. ಅಕ್ಷಿತಾಳ ಹತ್ತನೆಯ ಪರೀಕ್ಷೆ ಮುಗಿಯುವವರೆಗೆ ವೀಸಾ ಇರಲಿ ಎಂದರು. ಏಪ್ರಿಲಿನಲ್ಲಿ ಊರಿಗೆ. ಕುಳಾಯಿಯಲ್ಲಿ ನನ್ನ ತಮ್ಮ ಒಂದು ಫ್ಲಾಟು ನೋಡಿದ್ದಾನೆ, ನೆಲಮಹಡಿಯದು, ಅಂಗಳವೂ ಉಂಟು.

ಕಾರಣ ಸಿಕ್ಕರೆ ಹಗುರಾಗುತ್ತದೆ ಎಂದುಕೊಂಡಿದ್ದೆ. ಬೈಯುವುದಕ್ಕೂ ಈಗ ಯಾರೂ ಇಲ್ಲ.

ದಮಯಂತಿ


ಖಸಬ್
6 ಫೆಬ್ರವರಿ 2024

ಅಕ್ಕಾ,

ಇದನ್ನು ಭೋಜರಾಜ ಅವರ ಕೈಯಲ್ಲಿ ಕೊಟ್ಟಿದ್ದೇನೆ. ಕೊಗ್ಗನ ಜೊತೆಗೇ ನಿಮ್ಮ ಮನೆಗೆ ಮುಟ್ಟುತ್ತದೆ. ಇವನು ಒಮ್ಮೆ ನಕ್ಕದ್ದನ್ನು ಮರೆತು ಅಷ್ಟು ದೂರದಿಂದ ಕರೆದುಕೊಂಡು ಹೋಗಲು ಬಂದರಲ್ಲ, ಅವರ ಎರಡೂ ಕೈ ಹಿಡಿದುಕೊಂಡೆ.

ಬಾತ್‌ರೂಮಿನಿಂದ ಬರುವಷ್ಟರಲ್ಲಿ ಬಾಗಿಲು ತೆರೆದಿತ್ತು, ಇವರಿಲ್ಲ ಎಂದು ನೀವು ಅಳುತ್ತಾ ಫೋನು ಮಾಡಿದಾಗ ನಾನು ರೂವಿಯ ಆಸ್ಪತ್ರೆಗಳನ್ನು ಯೋಚಿಸುತ್ತಿದ್ದೆ. ಇಲ್ಲಿಗೆ ಬರುತ್ತಾನೆ ಎಂದು ಕನಸಿನಲ್ಲೂ ಇಲ್ಲ. ಮಾರನೇ ದಿನ ಸಂಜೆ ಪೊಲೀಸಿನವನೊಬ್ಬ ಅಂಗಡಿಯ ಬಾಗಿಲಿನಲ್ಲಿ ಅವನನ್ನು ತಂದು ನಿಲ್ಲಿಸಿದ. ಬಂದರಿನಲ್ಲಿ ಟೂರಿಸ್ಟರ ತಟ್ಟೆಯಿಂದ ತಿನ್ನುತ್ತಿದ್ದನಂತೆ. ಯಾರು ಎಂದರೆ ದರ್ಜಿ ಎಂದನಂತೆ. ಇಷ್ಟು ಸಣ್ಣ ಊರಿನಲ್ಲಿ ಹಿಂದಿ ಮಾತಾಡುವ ದರ್ಜಿಯನ್ನು ಇನ್ನೆಲ್ಲಿಗೆ ಕರೆದುಕೊಂಡು ಹೋಗುವುದು?

ಅವನು ನನ್ನನ್ನು ನೋಡಿದ. “ಝಕರಿಯಾ, ಚಾ ಉಂಟಾ?” ಎಂದ.

ಆಗ ನನಗೆ ಆದದ್ದನ್ನು ಹೇಗೆ ಬರೆಯಲಿ? ಮಸ್ಕತ್ತಿನಿಂದ ಬಸ್ಸು ಹಿಡಿದು, ಶಿನಾಸಿನಲ್ಲಿ ಇಳಿದು, ಹಡಗು ಹತ್ತಿ, ಸಮುದ್ರ ದಾಟಿ ಬಂದಿದ್ದಾನೆ. ಮೆದುಳು ಒಣಗಿದರೂ ಎಲ್ಲೋ ಒಂದು ಮೂಲೆಯಲ್ಲಿ ನಾನಿದ್ದೆ ಎಂದು ಅನ್ನಿಸಿತು. ಆಯಿಶತ್ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. “ನಿಮ್ಮನ್ನು ಹುಡುಕಿಕೊಂಡು ಬಂದದ್ದು” ಎಂದಳು. ರಾತ್ರಿ ಅವನಿಗೆ ನಾನೇ ಮೀನಿನ ಮುಳ್ಳು ಬಿಡಿಸಿ ತಿನ್ನಿಸಿದೆ.

ಅಲ್ಲಿಗೆ ನಿಲ್ಲಿಸಬೇಕಿತ್ತು. ಡಾಕ್ಟರು ನಿಮಗೆ ಹೇಳಿದ್ದು ನನಗೆ ನೆನಪಿತ್ತು. ಆದರೂ ಬಾಯಿ ತಡೆಯಲಿಲ್ಲ.

“ಕೊಗ್ಗ, ನನ್ನನ್ನು ನೋಡಲು ಬಂದೆಯಾ?”

“ಇಲ್ಲ.”

“ಮತ್ತೆ ಯಾಕೆ ಬಂದೆ?”

“ಬಸ್ಸು ನಿಂತಿತ್ತು. ಹತ್ತಿದೆ.”

“ನಾನು ಇಲ್ಲಿರುವುದು ಗೊತ್ತಿತ್ತಾ?”

“ಗೊತ್ತಿತ್ತು” ಎಂದ. ಮತ್ತೊಂದು ತುತ್ತು ನುಂಗಿ, “ಅದಕ್ಕಲ್ಲ” ಎಂದ.

ನಾನು ಅತ್ತುಬಿಟ್ಟೆ ಅಕ್ಕಾ. ಉಮ್ಮ ಸತ್ತಾಗಲೂ ಹಾಗೆ ಅತ್ತಿರಲಿಲ್ಲ. ಅವನು ನನ್ನ ಮುಖವನ್ನೇ ನೋಡುತ್ತಿದ್ದ, ಮಳೆ ಬರುವುದನ್ನು ಕಿಟಕಿಯಿಂದ ನೋಡುವ ಹಾಗೆ. ಆಮೇಲೆ ಕೈ ಚಾಚಿ ನನ್ನ ತಟ್ಟೆಯಲ್ಲಿ ಉಳಿದಿದ್ದ ಮೀನು ತೆಗೆದುಕೊಂಡ.

ಮಾರನೇ ಬೆಳಿಗ್ಗೆ ಸಮುದ್ರದ ಬದಿಯಲ್ಲಿ ಅವನ ಹಿಂದೆ ನಡೆಯುತ್ತಿದ್ದೆ. ಒಂದೇ ದಾರಿಯಲ್ಲಿ ಹೋಗುತ್ತಾನೆ, ಬರುತ್ತಾನೆ, ಮತ್ತೆ ಹೋಗುತ್ತಾನೆ. ಆಗ ಒಂದು ಮಾತು ಹೊಳೆಯಿತು. ಇಷ್ಟು ದೂರ ಬಂದದ್ದರಲ್ಲಿ ನಾನು ಇಲ್ಲ ಎಂದರೆ, ಆ ದಿನ ಹೊರಗೆ ಹಾಕಿದ್ದರಲ್ಲಿಯೂ ನಾನು ಇರಲಿಲ್ಲ. ಹೊರಗೆ ಹಾಕಿದವನು ನನ್ನ ಕೊಗ್ಗ ಅಲ್ಲ ಎಂದು ಒಪ್ಪಿಕೊಳ್ಳುವುದಾದರೆ, ಹುಡುಕಿಕೊಂಡು ಬಂದವನೂ ಅವನೇ ಎಂದು ಹೇಳುವ ಹಾಗಿಲ್ಲ. ಎರಡೂ ಒಟ್ಟಿಗೇ ಸಿಗುವುದಾದರೆ, ಅವನು ನನಗಾಗಿ ಬಂದ ಎಂಬುದಕ್ಕೋಸ್ಕರ ನಾನು ಆ ಅವಮಾನವನ್ನೂ ಇಟ್ಟುಕೊಳ್ಳುತ್ತಿದ್ದೆ.

ಅವನಿಗೆ ತುತ್ತು ದೊಡ್ಡದಾಗುತ್ತದೆ. ಅಗಿಯದೆ ನುಂಗುತ್ತಾನೆ. ಹತ್ತಿರ ಕೂತು ತಿನ್ನಿಸಿ.

ನಿಮ್ಮ ತಮ್ಮ ಎಂದೇ ತಿಳಿಯಿರಿ,
ಝಕರಿಯಾ


ಕುಳಾಯಿ
25 ಆಗಸ್ಟ್ 2024

ಝಕರಿಯಣ್ಣಾ,

ಇವರು ಹೋದ ದಿನ ನೀವು ವಿಡಿಯೋ ಕಾಲಿನಲ್ಲಿ ಮುಖ ನೋಡಿದಿರಿ. ಟಿಕೆಟಿಗೆ ಒದ್ದಾಡಿದ್ದನ್ನು ಆಯಿಶತ್ ಹೇಳಿದರು. ಬರಲಾಗಲಿಲ್ಲ ಎಂದು ಕೊರಗಬೇಡಿ. ಅವತ್ತು ನಾನು ಹೇಳಿದ್ದು ಸ್ವಲ್ಪ, ಉಳಿದದ್ದನ್ನು ಇಲ್ಲಿ ಬರೆಯುತ್ತೇನೆ.

ಊರಿಗೆ ಬಂದ ಮೇಲೆ ಬಾಗಿಲಿಗೆ ಒಳಗಿನಿಂದ ಬೀಗ ಹಾಕಿಯೇ ಇದ್ದೆವು. ಇವರು ಅಡುಗೆಮನೆಯಿಂದ ಜಗಲಿಗೆ, ಜಗಲಿಯಿಂದ ಅಡುಗೆಮನೆಗೆ ನಡೆಯುತ್ತಿದ್ದರು. ಮಾತು ಕಡಿಮೆಯಾಯಿತು. ಜುಲೈಯಲ್ಲಿ ನಿಂತೇ ಹೋಯಿತು. ಇವರು ಹೋದ ಸಂಜೆ ನಾನು ಬನ್ಸ್ ಕರಿದು ಮೇಲಿನ ಶೆಲ್ಫಿನಲ್ಲಿ ಮುಚ್ಚಿಟ್ಟು, ಮಳೆ ಬಿಟ್ಟಿತೆಂದು ಬಟ್ಟೆ ಒಣಗಿಸಲು ಹಿತ್ತಿಲಿಗೆ ಹೋದೆ. ನೀವು ಬರೆದದ್ದು ನೆನಪಿತ್ತು, ಅದಕ್ಕೇ ಮೇಲೆ ಇಟ್ಟದ್ದು. ಇವರು ಸ್ಟೂಲು ಎಳೆದು ಹತ್ತಿದ್ದಾರೆ. ನಾನು ಬರುವಾಗ ನೆಲದ ಮೇಲಿದ್ದರು. ಬಾಯಿ ತುಂಬ ಇತ್ತು. ಅಕ್ಷಿತಾ ಬೆರಳು ಹಾಕಿ ತೆಗೆದಳು, ಬೆನ್ನಿಗೆ ಗುದ್ದಿದಳು. ರಿಕ್ಷಾ ಸುರತ್ಕಲ್ ಮುಟ್ಟುವ ಮೊದಲೇ ಮುಗಿದಿತ್ತು. ಇಡೀ ದಾರಿ ಅವರ ತಲೆ ಅವಳ ಮಡಿಲಲ್ಲಿತ್ತು.

ಬಂದವರೆಲ್ಲ ಒಳ್ಳೆಯ ಮಾತು ಹೇಳಿದರು. ಬಿಡುಗಡೆಯಾಯಿತು ಎಂದರು. ನನಗೂ ಹಾಗನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯಾಗಲಿಲ್ಲ.

ಈಗ ಬೇರೆ ಒಂದನ್ನು ನಿಮಗೆ ಹೇಳಬೇಕು. ಬೇರೆ ಯಾರಿಗೂ ಹೇಳಿಲ್ಲ. ಈ ಕಾಯಿಲೆ ಕೆಲವು ಮನೆಗಳಲ್ಲಿ ಅಪ್ಪನಿಂದ ಮಕ್ಕಳಿಗೆ ಬರುವುದುಂಟು ಎಂದು ಅಕ್ಷಿತಾ ಫೋನಿನಲ್ಲಿ ಓದಿದ್ದಾಳೆ. ಮಸ್ಕತ್ತಿನಲ್ಲಿರುವಾಗಲೇ ಓದಿದ್ದಾಳೆ, ಪರೀಕ್ಷೆಗೆ ಮೊದಲೇ. ನನಗೆ ಹೇಳಲಿಲ್ಲ. ನನಗೆ ಗೊತ್ತಾದದ್ದು ಹೇಗೆಂದರೆ, ಅವಳು ಈಗ ಮಾಡುವ ಪ್ರತಿಯೊಂದಕ್ಕೂ ಕಾರಣ ಕೊಡುತ್ತಾಳೆ. “ಅಮ್ಮ, ಸೆಖೆ ಆಗ್ತದೆ, ಅದಕ್ಕೆ ಕಿಟಕಿ ತೆಗೆದೆ.” “ಅಮ್ಮ, ನಾನು ನಕ್ಕದ್ದು ವಾಟ್ಸಾಪಿನಲ್ಲಿ ಫ್ರೆಂಡ್ ಒಂದು ಜೋಕ್ ಹಾಕಿದ್ದಕ್ಕೆ.” “ಈ ಡ್ರೆಸ್ಸು ಯಾಕೆಂದರೆ ಮತ್ತೊಂದು ಒಣಗಿಲ್ಲ.” ನಾನು ಕೇಳಿರುವುದಿಲ್ಲ. ಅವಳೇ ಹೇಳುತ್ತಾಳೆ. ಹೇಳಿ ನನ್ನ ಮುಖ ನೋಡುತ್ತಾಳೆ. ಹದಿನಾರು ವರ್ಷದ ಹುಡುಗಿ, ಎದ್ದು ನೀರು ಕುಡಿಯಲು ಹೋದರೂ ಬಾಯಾರಿಕೆ ಎಂದು ಹೇಳಿಯೇ ಏಳುತ್ತಾಳೆ.

ಒಂದು ದಿನ ಸ್ನಾನದ ಮನೆಯಲ್ಲಿ ಅವಳು ಹಾಡು ಗುನುಗುವುದು ಕೇಳಿಸಿತು. ನಾನು ಆಚೆ ಬಟ್ಟೆ ಮಡಚುತ್ತಿದ್ದೆ. ನಾನಿರುವುದು ಗೊತ್ತಾಗಿ ಅರ್ಧಕ್ಕೆ ನಿಲ್ಲಿಸಿದಳು. ಹೊರಗೆ ಬಂದು ತಲೆ ತಗ್ಗಿಸಿ ನಿಂತಳು. ಯಾಕೆ ಹಾಡಿದೆ ಎಂಬುದಕ್ಕೆ ಅವಳಿಗೆ ಏನೂ ಹೊಳೆಯಲಿಲ್ಲ. ಆಗ ಅವಳ ಕಣ್ಣಿನಲ್ಲಿ ಕಂಡ ಭಯವನ್ನು ನಾನು ಇವರು ಬದುಕಿದ್ದಾಗಲೂ ನಮ್ಮ ಮನೆಯಲ್ಲಿ ಕಂಡಿರಲಿಲ್ಲ. ಅವಳಿಗೆ ಆ ಭಯ ಕಲಿಸಿದವಳು ನಾನೇ. ತಿಂಗಳುಗಟ್ಟಲೆ ಅವಳ ಎದುರಿಗೇ ಅವಳ ಅಪ್ಪನನ್ನು ಯಾಕೆ, ಯಾಕೆ ಎಂದು ಬೆನ್ನಟ್ಟಿದ್ದೇನಲ್ಲ.

ನಿಮ್ಮ ಹಾಗೆ ವಿಷಯ ಬಿಡಿಸಿ ಹೇಳಲು ನನಗೆ ಬರುವುದಿಲ್ಲ. ರಕ್ತಪರೀಕ್ಷೆ ಮಾಡಿಸೋಣವಾ ಎಂದು ಕೇಳಿದೆ. ಬೇಡ ಎಂದಳು. ಅದಕ್ಕೂ ಕಾರಣ ಹೇಳಲು ಬಾಯಿ ತೆರೆದಳು. ಸಾಕು ಎಂದು ಕೈ ಹಿಡಿದೆ.

ನಿನ್ನೆ ಸಂಜೆ ಜೋರು ಮಳೆ. ಅವಳು ಪುಸ್ತಕ ಹಿಡಿದು ಕೂತಿದ್ದವಳು ಎದ್ದಳು. ಏನೂ ಹೇಳಲಿಲ್ಲ. ಚಪ್ಪಲಿ ಹಾಕದೆ, ಕೊಡೆ ಇಲ್ಲದೆ ಅಂಗಳಕ್ಕೆ ಇಳಿದು ಮಳೆಯಲ್ಲಿ ನಿಂತಳು. ಮುಖ ಮೇಲೆ ಮಾಡಿ ನಿಂತೇ ಇದ್ದಳು. ಬಾಗಿಲವರೆಗೆ ಓಡಿದೆ. ದಾರಂದ ಗಟ್ಟಿಯಾಗಿ ಹಿಡಿದುಕೊಂಡೆ.

ಬಹಳ ಹೊತ್ತಿನ ಮೇಲೆ ಒಳಗೆ ಬಂದಳು. ಬಟ್ಟೆಯೆಲ್ಲ ನೀರು. ನನ್ನ ಎದುರು ನಿಂತು ಕಾದಳು.

ನಾನು ಕೇಳಲಿಲ್ಲ. ಟವೆಲು ತಂದು ತಲೆ ಒರೆಸಿದೆ.

ನಿಮ್ಮ
ದಮಯಂತಿ